ಕಲ್ಲಿನ ಮೇಲೆ 'ಜೀರ್ಣೋದ್ಧಾರ' ಅಂತ ಕೆತ್ತಿಸಬಹುದಾ?

ಪ್ರಶ್ನೆ

ಸರ್, ನಮ್ಮೂರ ಹಳೆಯ ಕಲ್ಯಾಣಿ ಇಪ್ಪತ್ತೈದು ವರ್ಷದಿಂದ ಹೂಳು ತುಂಬಿ ಪಾಳುಬಿದ್ದಿತ್ತು. ಈ ವರ್ಷ ನಾವೇ ಒಂದಿಷ್ಟು ಜನ ಸೇರಿ, ಹದಿನಾಲ್ಕು ಭಾನುವಾರ ದುಡಿದು ಹೂಳೆತ್ತಿದೆವು. ಮೂರು ಬದಿಯ ಮೆಟ್ಟಿಲಿನ ಕಲ್ಲುಗಳು ಅಲ್ಲೇ ಮಣ್ಣಿನಡಿ ಸಿಕ್ಕವು, ಮತ್ತೆ ಕೂರಿಸಿದೆವು. ನಾಲ್ಕನೇ ಬದಿಯ ಕಲ್ಲುಗಳು ಎಂದೋ ಯಾರ್ಯಾರದೋ ಮನೆ ಸೇರಿಬಿಟ್ಟಿವೆ. ಅಲ್ಲಿ ಹೊಸ ಕಲ್ಲು ಹಾಕಿಸಿದೆವು. ತಳದಲ್ಲಿ ಒರತೆ ಬಿಟ್ಟುಕೊಂಡು ಈಗ ಮೊಣಕಾಲುದ್ದ ನೀರು ನಿಂತಿದೆ. ದಡದಲ್ಲಿ ಒಂದು ಶಿಲಾಫಲಕ ನಿಲ್ಲಿಸೋಣ ಅಂದುಕೊಂಡೆವು. ಜಗಳ ಶುರುವಾಗಿದ್ದೇ ಅಲ್ಲಿ. ನಾನು 'ಜೀರ್ಣೋದ್ಧಾರ ಮಾಡಲಾಯಿತು' ಅಂತ ಬರೆದೆ. ಒಬ್ಬರು, ಅದು ದೇವಸ್ಥಾನಕ್ಕೆ ಮಾತ್ರ ಹೇಳುವ ಮಾತು, 'ಪುನಶ್ಚೇತನ' ಅನ್ನಿ ಅಂದರು. ಇನ್ನೊಬ್ಬರು 'ಗತವೈಭವ ಮರುಕಳಿಸಿದೆ' ಅಂತ ಸೇರಿಸಿದರು. ನಮ್ಮ ನಿವೃತ್ತ ಮೇಷ್ಟ್ರು, ಮರುಕಳಿಸುವುದು ಕಾಯಿಲೆ, ಅದನ್ನು ಹೊಡೆದುಹಾಕಿ ಅಂದರು. ನನ್ನ ಮಗಳು, ಇವೆಲ್ಲ ಸಂಸ್ಕೃತ, ಕನ್ನಡದ್ದೇ ಒಂದು ಪದ ಇಲ್ವಾ ಅಪ್ಪಾ ಅಂತ ಕೇಳಿದಳು. ಕಾಗದದಲ್ಲಿ ತಪ್ಪಾದರೆ ತಿದ್ದಬಹುದು. ಕಲ್ಲಿನಲ್ಲಿ? ಸರಿಯಾದ ಪದ ಯಾವುದು, ದಯವಿಟ್ಟು ತಿಳಿಸಿ.

ಉತ್ತರ

ನಿಮ್ಮ ಪತ್ರದಲ್ಲಿ ಐದು ಜನ ಮಾತಾಡುತ್ತಿದ್ದಾರೆ. ತಮಾಷೆ ಅಂದರೆ, ಐವರ ಮಾತಿನಲ್ಲೂ ಅಷ್ಟಿಷ್ಟು ನಿಜ ಇದೆ. ಜಗಳ ಮುಗಿಯದೆ ಇರುವುದು ಬಹುಶಃ ಅದಕ್ಕೇ.

ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಬೇರೆಯವರ ಕನ್ನಡ ತಿದ್ದಿ ಬದುಕಿದವನು ನಾನು. ಹಾಳಾಗಿದ್ದ ಒಂದು ವಸ್ತು ಮತ್ತೆ ನೆಟ್ಟಗಾಯಿತು ಅನ್ನುವ ಸುದ್ದಿ ವಾರಕ್ಕೆ ನಾಲ್ಕಾದರೂ ಬರುತ್ತಿತ್ತು. ಕೆರೆ, ಕೋಟೆ, ಕಾಲುವೆ, ಶಾಲೆ, ಕರೆಂಟು, ಶಾಂತಿ, ಜನರ ನಂಬಿಕೆ, ಎಲ್ಲಕ್ಕೂ. ಬರೆಯುವವರು ಕೈಗೆ ಸಿಕ್ಕ ಕ್ರಿಯಾಪದ ಅಂಟಿಸಿ ಕಳಿಸುತ್ತಿದ್ದರು. ಮಳೆಗೆ ಮುರಿದುಬಿದ್ದ ಕಂಬ ಸರಿಮಾಡಿ ಕರೆಂಟು ಬಂದದ್ದನ್ನು ಒಬ್ಬರು 'ವಿದ್ಯುತ್ ಪುನರುಜ್ಜೀವನಗೊಂಡಿತು' ಅಂತ ಬರೆದಿದ್ದರು. ಕರೆಂಟು ಸತ್ತು ಬದುಕಿತು ಅಂತಲಾ? 'ವಿದ್ಯುತ್ ಬಂತು' ಅಂತ ತಿದ್ದಿದೆ. ಅವರಿಗೆ ಸ್ವಲ್ಪ ಬೇಸರವಾಯಿತು.

ಈ ಅನುಭವದಿಂದ ನಾನು ಕಲಿತದ್ದು ಒಂದೇ. ಈ ಜಾತಿಯ ಪದ ಆರಿಸುವಾಗ 'ಈಗ ಹೇಗಾಗಿದೆ' ಅಂತ ನೋಡಬಾರದು, 'ಮೊದಲು ಏನಾಗಿತ್ತು' ಅಂತ ಕೇಳಬೇಕು. ಸವೆದಿತ್ತಾ? ಮುರಿದಿತ್ತಾ? ನಿಂತುಹೋಗಿತ್ತಾ? ಬೇರೆಯವರ ಕೈ ಸೇರಿತ್ತಾ? ಸತ್ತಂತೆಯೇ ಆಗಿತ್ತಾ? ಒಂದೊಂದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದ ಇದೆ. ಎಲ್ಲಕ್ಕೂ ಒಗ್ಗುವ ಒಂದೇ ಪದ ಇಲ್ಲ. ಇಲ್ಲದ್ದು ಕೊರತೆ ಅಂತ ನನಗೇನೂ ಅನ್ನಿಸಿಲ್ಲ.

ಮೊದಲು ನೀವು ಬರೆದ ಪದವನ್ನೇ ಬಿಡಿಸಿ ನೋಡೋಣ. ಜೀರ್ಣ ಮತ್ತು ಉದ್ಧಾರ ಸೇರಿ ಜೀರ್ಣೋದ್ಧಾರ. ಶಾಲೆಯಲ್ಲಿ ಗುಣಸಂಧಿಗೆ ಉದಾಹರಣೆ ಕೇಳಿದರೆ ಬರೆಯಬಹುದಾದ ಪದ. ಜೀರ್ಣ ಅಂದ ಕೂಡಲೇ ನಮಗೆ ಹೊಟ್ಟೆ ನೆನಪಾಗುತ್ತದೆ. ತಿಂದದ್ದು ಜೀರ್ಣವಾಯಿತು, ಅಜೀರ್ಣವಾಯಿತು ಅನ್ನುತ್ತೇವೆ. ಇಲ್ಲಿರುವುದೂ ಅದೇ ಜೀರ್ಣ. ಸಂಸ್ಕೃತದ 'ಜೄ' ಧಾತುವಿಗೆ ಸವೆ, ಮುದಿಯಾಗು, ಕರಗು ಅನ್ನುವ ಅರ್ಥಗಳಿವೆ. ಮುಪ್ಪಿಗೆ ಜರೆ ಅನ್ನುತ್ತೇವಲ್ಲ, ಅದೂ ಇದೇ ಮನೆಯದು. ಹೊಟ್ಟೆಯಲ್ಲಿ ಅನ್ನ ಕರಗುವುದಕ್ಕೂ ಬಿಸಿಲು ಮಳೆಗೆ ಕಲ್ಲು ಸವೆಯುವುದಕ್ಕೂ ಒಂದೇ ಪದ. ಕಾಲ ಎಲ್ಲವನ್ನೂ ತಿಂದು ಅರಗಿಸಿಕೊಳ್ಳುತ್ತದೆ ಅನ್ನುವ ಯೋಚನೆ ಪದದ ಒಳಗೇ ಕೂತಿದೆ.

ಉದ್ಧಾರ ಇನ್ನೂ ಚೆನ್ನಾಗಿದೆ. ಇವತ್ತು ಆ ಪದ ಜಾಸ್ತಿ ಕೇಳುವುದು ಬೈಗುಳದಲ್ಲಿ. 'ನೀನು ಉದ್ಧಾರ ಆದ ಹಾಗೇ ಇದೆ' ಅಂತ ಬೈಸಿಕೊಳ್ಳದ ಮಕ್ಕಳು ಕನ್ನಡ ನಾಡಿನಲ್ಲಿ ಇರಲಿಕ್ಕಿಲ್ಲ. ಆದರೆ ಮೂಲದಲ್ಲಿ ಅದು ಕೈಕೆಲಸದ ಪದ. ಮೇಲಕ್ಕೆ ಎತ್ತುವುದು, ಒಳಗಿನಿಂದ ಹೊರಕ್ಕೆ ತೆಗೆಯುವುದು, ಅಷ್ಟೇ. ಪೂಜೆ ಮಾಡುವ ಮನೆಗಳಲ್ಲಿ ಪಂಚಪಾತ್ರೆಯ ಜೊತೆ ಒಂದು ಪುಟ್ಟ ಚಮಚ ಇಟ್ಟಿರುತ್ತಾರೆ, ನೋಡಿದ್ದೀರಾ? ಬೆರಳುದ್ದದ ಹಿಡಿ, ತುದಿಯಲ್ಲಿ ಒಂದು ಗುಟುಕು ನೀರು ಹಿಡಿಯುವಷ್ಟು ಗುಳಿ. ಅದರ ಹೆಸರು ಉದ್ಧರಣೆ. ಪಾತ್ರೆಯ ತಳದಿಂದ ನೀರನ್ನು ಮೇಲಕ್ಕೆ ಎತ್ತಿಕೊಡುತ್ತದೆ, ಅದಕ್ಕೇ ಆ ಹೆಸರು. ಬೇರೆಯವರ ಮಾತನ್ನು ಎತ್ತಿ ಬರೆಯುವಾಗ ಹಾಕುವ ಗುರುತು ಉದ್ಧರಣ ಚಿಹ್ನೆ. ಅಲ್ಲಿ ಎತ್ತುವುದು ಮಾತನ್ನು.

ಈಗ ನಿಮ್ಮ ಹದಿನಾಲ್ಕು ಭಾನುವಾರಗಳನ್ನು ನೆನಪಿಸಿಕೊಳ್ಳಿ. ನೀವು ಮಾಡಿದ ಕೆಲಸಕ್ಕೆ ಕನ್ನಡದ ಹೆಸರು ಹೂಳೆತ್ತುವುದು. ಹೂಳು ಅನ್ನುವುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕಲ್ಯಾಣಿಯನ್ನು ಹೂತದ್ದೇ ಹೂಳು. ಅದನ್ನು ಎತ್ತಿದಿರಿ. ಬುಟ್ಟಿಯಲ್ಲಿ ಮಣ್ಣು ಮೇಲಕ್ಕೆ ಹೋಯಿತು, ಕೆಳಗೆ ಹೂತುಹೋಗಿದ್ದ ಮೆಟ್ಟಿಲು ಮೇಲಕ್ಕೆ ಬಂತು. ಸವೆದು ಕುಸಿದದ್ದನ್ನು ಎತ್ತುವುದೇ ಜೀರ್ಣೋದ್ಧಾರ. ಇಷ್ಟು ಅಕ್ಷರಶಃ ಒಪ್ಪುವ ಸಂದರ್ಭ ಆ ಪದಕ್ಕೆ ಅಪರೂಪಕ್ಕೆ ಸಿಗುತ್ತದೆ.

ಹಾಗಾದರೆ 'ಅದು ದೇವಸ್ಥಾನಕ್ಕೆ ಮಾತ್ರ' ಅನ್ನುವ ಮಾತು ಎಲ್ಲಿಂದ ಬಂತು? ಸುಮ್ನೆ ಹುಟ್ಟಿದ್ದಲ್ಲ. ಶಾಸನಗಳಲ್ಲಿ ಈ ಪದ ನಮಗೆ ಜಾಸ್ತಿ ಸಿಗುವುದು ದೇವಾಲಯ, ಬಸದಿಗಳ ದಾನದ ವಿವರದಲ್ಲೇ. ಕಲ್ಯಾಣದ ಚಾಲುಕ್ಯರ ಕಾಲದ, ಹೊಯ್ಸಳರ ಕಾಲದ ಶಾಸನ ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಅನ್ನುವ ಜೋಡಿ ಬಾಯಿಪಾಠ ಆಗಿಹೋಗಿರುತ್ತದೆ. ಇಂಥ ಊರನ್ನು, ಇಷ್ಟು ಭೂಮಿಯನ್ನು ದೇವರ ಅಂಗಭೋಗಕ್ಕೆ (ಸ್ನಾನ, ಅಲಂಕಾರದಂಥ ಸೇವೆಗೆ), ನೈವೇದ್ಯಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಬಿಟ್ಟರು ಅಂತ ಸಾಲು ಸಾಗುತ್ತದೆ. ಖಂಡ ಅಂದರೆ ತುಂಡಾದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು, ಜೀರ್ಣ ಅಂದರೆ ಸವೆದದ್ದು. ಗುಡಿ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ ಅವರು. ಮುಂದೆ ಇದು ಒಡೆಯುತ್ತದೆ, ಬಿರಿಯುತ್ತದೆ, ಸವೆಯುತ್ತದೆ ಅಂತ ಗೊತ್ತಿದ್ದು ಮೊದಲೇ ಹಣ ತೆಗೆದಿಟ್ಟರು. ಇವತ್ತಿನ ಬಜೆಟ್ಟಿನಲ್ಲಿ ನಿರ್ವಹಣೆ ವೆಚ್ಚ ಅನ್ನುತ್ತಾರಲ್ಲ, ಅದು. ಕೆಲವು ಶಾಸನಗಳಲ್ಲಿ ಇದರ ಜಾಗದಲ್ಲಿ 'ನವಕರ್ಮ' ಅನ್ನುವ ಪದವೂ ಬರುತ್ತದೆ.

ಕೆರೆಗಳಿಗೆ ಬೇರೆ ಮಾತುಗಳಿದ್ದವು. ಕೆರೆಯ ನಿರ್ವಹಣೆಗೆ ಬಿಟ್ಟ ಪಾಲಿಗೆ ಬಿತ್ತುವಟ್ಟ ಅನ್ನುತ್ತಿದ್ದರು. ಆದ್ದರಿಂದ ನಿಮ್ಮ ಸ್ನೇಹಿತರ ಕಿವಿಗೆ ಜೀರ್ಣೋದ್ಧಾರ ಅಂದರೆ ಗಂಟೆ ಸದ್ದು ಕೇಳುವುದು ಸಹಜ. ಆದರೆ 'ಮಾತ್ರ' ಅನ್ನುವುದು ತಪ್ಪು. ಧರ್ಮಶಾಸ್ತ್ರದವರು 'ಪೂರ್ತ' ಅಂತ ಒಂದು ಗುಂಪು ಮಾಡಿದ್ದಾರೆ, ಜನರ ಉಪಯೋಗಕ್ಕೆ ಮಾಡುವ ಕೆಲಸಗಳದು. ಅದರಲ್ಲಿ ಮೆಟ್ಟಿಲುಬಾವಿ, ಬಾವಿ, ಕೆರೆ, ದೇವಾಲಯ ಒಂದೇ ಸಾಲಿನಲ್ಲಿ ಬರುತ್ತವೆ. ಕಲ್ಯಾಣಿಗೆ ಆ ಪದ ಬಳಸಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಎಲ್ಲಿ ಒಪ್ಪುವುದಿಲ್ಲ ಅಂದರೆ, ಕಟ್ಟಡದಂಥ ಮೈ ಇಲ್ಲದ ಸಂಗತಿಗಳಿಗೆ. 'ಯಕ್ಷಗಾನದ ಜೀರ್ಣೋದ್ಧಾರ' ಅಂದರೆ ಕಲಾವಿದರಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವೇ.

ಈ ಪದದ ಬಗ್ಗೆ ನನಗೆ ಮುಖ್ಯ ಅನ್ನಿಸುವ ಸಂಗತಿ ಈಗ ಬರುತ್ತದೆ. ಜೀರ್ಣೋದ್ಧಾರದಲ್ಲಿ 'ಮತ್ತೆ' ಇಲ್ಲ. ಬಿಡಿಸಿ ನೋಡಿ, ಸವೆದದ್ದು ಇದೆ, ಎತ್ತಿದ್ದು ಇದೆ, 'ಮೊದಲಿನ ಹಾಗೆ' ಅನ್ನುವುದು ಎಲ್ಲೂ ಇಲ್ಲ. ಅದೇ ಪುನಶ್ಚೇತನ, ಪುನರುಜ್ಜೀವನ, ಪುನಃಸ್ಥಾಪನೆ, ಮರುಸ್ಥಾಪನೆ ತೆಗೆದುಕೊಳ್ಳಿ. ಎಲ್ಲದರ ತಲೆಯ ಮೇಲೂ ಪುನಃ ಅಥವಾ ಮರು ಕೂತಿದೆ. ಮೊದಲು ಒಂದು ಸ್ಥಿತಿ ಇತ್ತು, ಅದು ಹೋಗಿತ್ತು, ಈಗ ಅದೇ ಬಂದಿದೆ ಅಂತ ಅವು ಮಾತು ಕೊಡುತ್ತವೆ. ನಿಮ್ಮ ನಾಲ್ಕನೇ ಬದಿಯನ್ನು ನೆನಪಿಸಿಕೊಳ್ಳಿ. ಅಲ್ಲಿರುವುದು ಹೊಸ ಕಲ್ಲು. ಹಳೆಯ ಮೆಟ್ಟಿಲಿನ ಎತ್ತರ, ಅಂಚು, ಕೆತ್ತನೆ ಹೇಗಿತ್ತು ಅಂತ ಉಳಿದ ಮೂರು ಬದಿ ನೋಡಿ ಊಹಿಸಿರುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 'ಪುನಃಸ್ಥಾಪಿಸಲಾಯಿತು' ಅಂತ ಬರೆದರೆ ಆ ಬದಿಯ ಮಟ್ಟಿಗೆ ಮಾತು ಜಾಸ್ತಿ ಆಗುತ್ತದೆ. ಹಳೆಯ ಕಟ್ಟಡ ಕಾಪಾಡುವವರು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. 1964ರಲ್ಲಿ ವೆನಿಸ್‌ನಲ್ಲಿ ಸೇರಿ ಅವರು ಒಂದು ಸನ್ನದು ಮಾಡಿಕೊಂಡರು. ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಈ ಕೆಲಸ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗೊತ್ತಾಗಬೇಕು ಅಂತ ಅದರಲ್ಲಿದೆ. ಜೀರ್ಣೋದ್ಧಾರ ಅನ್ನುವ ಪದ ಈ ವಿಷಯದಲ್ಲಿ ಉದಾರಿ. ಹಳೆ ಕಲ್ಲು ಕೂರಿಸಿದ್ದನ್ನೂ ಹೊಸ ಕಲ್ಲು ಹಾಕಿದ್ದನ್ನೂ ಸುಳ್ಳು ಹೇಳದೆ ಒಟ್ಟಿಗೆ ಹೊರುತ್ತದೆ.

ಪುನಶ್ಚೇತನ ತಪ್ಪು ಅಂತ ನಾನು ಹೇಳುತ್ತಿಲ್ಲ. ಚೇತನ ಅಂದರೆ ಜೀವಕಳೆ. ಕೆರೆ, ನದಿ, ಕುಸಿದ ಉದ್ಯಮ, ಬಾಡಿದ ಕಲೆ, ಇಂಥವಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಕಲ್ಯಾಣಿಯಲ್ಲಿ ಒರತೆ ಬಿಟ್ಟುಕೊಂಡಿದೆಯಲ್ಲ, ಆ ಅಂಶಕ್ಕೆ ಪುನಶ್ಚೇತನ ನಿಜವಾಗಿಯೂ ಸರಿ. ಕಲ್ಲಿನ ಕೆಲಸಕ್ಕೆ ಜೀರ್ಣೋದ್ಧಾರ, ನೀರಿನ ಕೆಲಸಕ್ಕೆ ಪುನಶ್ಚೇತನ ಅಂತ ಬೇಕಾದರೆ ಹಂಚಿಕೊಳ್ಳಬಹುದು. ನನಗೆ ಇರುವ ಅಳುಕು ಎರಡು. ಒಂದು, ಈ ಪದ ಸರ್ಕಾರಿ ಯೋಜನೆಗಳ ಬೋರ್ಡಿನಲ್ಲಿ ಎಷ್ಟು ಸವೆದಿದೆ ಅಂದರೆ, ಓದಿದವರಿಗೆ ನಿಮ್ಮ ಭಾನುವಾರಗಳು ಕಾಣುವುದಿಲ್ಲ, ಟೆಂಡರು ಕಾಣುತ್ತದೆ. ಎರಡು, ನೀರು ಮೊಣಕಾಲುದ್ದ. ಮುಂದಿನ ಬೇಸಿಗೆಯಲ್ಲಿ ಒರತೆ ಸೊರಗಿದರೆ, ಬತ್ತಿದ ಕಲ್ಯಾಣಿಯ ಪಕ್ಕ 'ಪುನಶ್ಚೇತನ' ಅನ್ನುವ ಕಲ್ಲು ಒಂದೇ ನಿಂತಿರುತ್ತದೆ. ಒಂದೆರಡು ಬೇಸಿಗೆ ನೋಡಿ ಆಮೇಲೆ ಹೇಳುವ ಮಾತು ಅದು.

ಈಗ ಮೇಷ್ಟ್ರ ವಿಷಯ. ಮರುಕಳಿಸುವುದು ಕಾಯಿಲೆ ಮಾತ್ರ ಅನ್ನುವುದು ಅರ್ಧ ನಿಜ. ಜ್ವರ ಮರುಕಳಿಸಿತು ಅನ್ನುತ್ತೇವೆ. ಅಪಘಾತವಾದ ಮರುದಿನ, ಇಂಥ ಘಟನೆ ಮರುಕಳಿಸದಂತೆ ಕ್ರಮ ಕೈಗೊಳ್ಳಲಾಗುವುದು ಅಂತ ಹೇಳಿಕೆ ಬರುತ್ತದೆ. ಈ ಎರಡು ಬಳಕೆ ನಮ್ಮ ಕಿವಿಯಲ್ಲಿ ಎಷ್ಟು ಕೂತಿವೆ ಅಂದರೆ, ಪದಕ್ಕೇ ಒಂದು ಕೆಟ್ಟ ವಾಸನೆ ಹತ್ತಿಕೊಂಡಿದೆ. ಆದರೆ ಅದರ ಮೂಲ ಅರ್ಥ ತಿರುಗಿ ಬರುವುದು, ಮತ್ತೆ ಉಂಟಾಗುವುದು. ಒಳ್ಳೆಯದು ತಿರುಗಿ ಬಂದರೂ ಮರುಕಳಿಸಿದ್ದೇ. ಬಾಲ್ಯದ ನೆನಪು ಮರುಕಳಿಸಿತು ಅಂದರೆ ಯಾರೂ ಆಸ್ಪತ್ರೆಗೆ ಓಡುವುದಿಲ್ಲ, ಅಲ್ವಾ?

ನಿಜವಾದ ತೊಂದರೆ ಬೇರೆ ಕಡೆ ಇದೆ. ಅದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಮರುಕಳಿಸು ಅನ್ನುವುದು ಅಕರ್ಮಕ ಕ್ರಿಯಾಪದ. ಅದು ತಾನಾಗಿ ಆಗುವುದು, ಯಾರೋ ಮಾಡುವುದಲ್ಲ. ಕೊನೆಯಲ್ಲಿ 'ಇಸು' ಇರುವುದರಿಂದ ಜನ ಮೋಸ ಹೋಗುತ್ತಾರೆ. ಓಡು, ಓಡಿಸು. ಮರಳು, ಮರಳಿಸು. ಹಿಂದಿರುಗು, ಹಿಂದಿರುಗಿಸು. ಇಲ್ಲೆಲ್ಲ ಇಸು ಬಂದರೆ ಇನ್ನೊಬ್ಬರಿಂದ ಮಾಡಿಸಿದ ಅರ್ಥ ಬರುತ್ತದೆ. ಹಾಗಾಗಿ ಮರುಕಳಿಸು ಅಂದರೂ ಯಾರೋ ಮರುಕಳಿಸುತ್ತಾರೆ ಅಂದುಕೊಳ್ಳುತ್ತಾರೆ. ಆದರೆ ಎಲ್ಲ ಇಸುವೂ ಆ ಕೆಲಸ ಮಾಡುವುದಿಲ್ಲ. ಜನಿಸು, ಚಲಿಸು, ಸಂಭವಿಸು, ಇವೆಲ್ಲ ತಾವಾಗಿ ಆಗುವವೇ. ಮರುಕಳಿಸು ಆ ಸಾಲಿನಲ್ಲಿದೆ. ಆದ್ದರಿಂದ 'ವೈಭವ ಮರುಕಳಿಸಿತು' ಸರಿ. 'ಯುವಕರು ವೈಭವವನ್ನು ಮರುಕಳಿಸಿದರು' ತಪ್ಪು. ಹೇಳಲೇಬೇಕಾದರೆ 'ಮರುಕಳಿಸುವಂತೆ ಮಾಡಿದರು' ಅನ್ನಬೇಕು. ಈ 'ವನ್ನು ಮರುಕಳಿಸಿದರು' ಅನ್ನುವುದನ್ನು ನಾನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕ ಇಲ್ಲ. ಹೊಡೆದು ಹಾಕಿದಷ್ಟೂ ಮರುಕಳಿಸುತ್ತಿತ್ತು.

ಅಂದರೆ ನಿಮ್ಮ ಸಾಲು, 'ಗತವೈಭವ ಮರುಕಳಿಸಿದೆ', ವ್ಯಾಕರಣದ ಪ್ರಕಾರ ಸರಿಯೇ ಇದೆ. ಆದರೂ ನಾನಾದರೆ ತೆಗೆಯುತ್ತೇನೆ. ಕಾರಣ ಮೇಷ್ಟ್ರದ್ದಲ್ಲ, ನನ್ನದು. ಯಾವ ವೈಭವ? ಆ ಕಲ್ಯಾಣಿಯಲ್ಲಿ ತೆಪ್ಪೋತ್ಸವ ನಡೆಯುತ್ತಿತ್ತಾ, ಊರಿಗೆ ಕುಡಿಯುವ ನೀರು ಅಲ್ಲಿಂದ ಬರುತ್ತಿತ್ತಾ, ನನಗೆ ಗೊತ್ತಿಲ್ಲ, ಓದುವವರಿಗೂ ಗೊತ್ತಾಗುವುದಿಲ್ಲ. ಗೊತ್ತಿದ್ದರೆ ಅದನ್ನೇ ಬರೆಯಿರಿ. ಗತವೈಭವ ಅನ್ನುವುದು ಏನೂ ಗೊತ್ತಿಲ್ಲದಾಗ ಬರೆಯುವ ಪದ.

ನಿಮ್ಮ ಮಗಳ ಪ್ರಶ್ನೆ ನನಗೆ ಇಷ್ಟವಾಯಿತು. ಕನ್ನಡದ್ದೇ ಪದ ಇಲ್ವಾ? ಇವೆ, ಸಾಕಷ್ಟು ಇವೆ. ಸರಿಪಡಿಸು, ನೆಟ್ಟಗೆ ಮಾಡು, ಎತ್ತಿ ನಿಲ್ಲಿಸು, ಮತ್ತೆ ಕಟ್ಟು. ಆದರೆ ಒಂದು ವ್ಯತ್ಯಾಸ ನೋಡಿ. ಕನ್ನಡ ಈ ಕೆಲಸವನ್ನು ಒಂದು ದೊಡ್ಡ ಹೆಸರಿನಲ್ಲಿ ಕಟ್ಟಿಡುವುದಿಲ್ಲ, ಬಿಡಿ ಬಿಡಿಯಾಗಿ ಹೇಳುತ್ತದೆ. ಹೂಳೆತ್ತಿದರು, ಕಲ್ಲು ಕೂರಿಸಿದರು, ಸಂದಿಗೆ ಗಾರೆ ತುಂಬಿದರು, ನೀರು ಬಂತು. 'ಜೀರ್ಣೋದ್ಧಾರಕ್ಕೆ ಕನ್ನಡದಲ್ಲಿ ಏನು' ಅಂತ ಒಂದು ಪದ ಹುಡುಕಿಕೊಂಡು ಹೋದರೆ ಕೈಗೆ ಸಿಗುವುದು 'ಸರಿಪಡಿಸು' ಒಂದೇ. ಅದು ಸೈಕಲ್ಲಿಗೂ ಹೊಂದುತ್ತದೆ, ಲೆಕ್ಕಕ್ಕೂ ಹೊಂದುತ್ತದೆ, ಕಲ್ಯಾಣಿಗೆ ಸ್ವಲ್ಪ ಚಿಕ್ಕದಾಗುತ್ತದೆ. ಪದ ಹುಡುಕುವುದು ಬಿಟ್ಟು ವಾಕ್ಯ ಬರೆದರೆ ಕನ್ನಡ ಎಲ್ಲೂ ಸೋಲುವುದಿಲ್ಲ.

'ಮರುಸ್ಥಾಪನೆ' ಕನ್ನಡ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅರ್ಧ ಕನ್ನಡ. ಮರು ನಮ್ಮದು, ಸ್ಥಾಪನೆ ಸಂಸ್ಕೃತ. ಹಳೆಯ ವ್ಯಾಕರಣಕಾರರು ಇಂಥ ಜೋಡಣೆಗೆ ಅರಿಸಮಾಸ ಅಂತ ಹೆಸರಿಟ್ಟರು. 13ನೇ ಶತಮಾನದ ಕೇಶಿರಾಜನಿಗೆ ಇದು ಹಿಡಿಸುತ್ತಿರಲಿಲ್ಲ, ಕೆಲವಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದಾನೆ. ಇವತ್ತು ಮರುಪರೀಕ್ಷೆ, ಮರುಜನ್ಮ, ಮರುಪ್ರಸಾರ ಎಲ್ಲ ನಾಲಿಗೆಗೆ ಹೊಂದಿಕೊಂಡಿವೆ. ಮರುಸ್ಥಾಪನೆಯೂ ಹಾಗೇ. ಆದರೆ ಅದು ಹೇಳುವುದು ಇದ್ದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲಿ ಮತ್ತೆ ಇಡುವುದನ್ನು. ಕಿತ್ತುಹೋದ ವಿಗ್ರಹ, ಕಡಿದುಹೋದ ಸಂಪರ್ಕ, ಮೊಬೈಲಿನಲ್ಲಿ ಅಳಿಸಿಹೋದ ಫೋಟೋ, ಇಂಥವಕ್ಕೆ ಸರಿ. ಕಲ್ಯಾಣಿ ಎಲ್ಲೂ ಹೋಗಿರಲಿಲ್ಲ.

ಇನ್ನುಳಿದ ನೆಂಟರನ್ನು ಬೇಗ ಮುಗಿಸುತ್ತೇನೆ. ಮರಳಿಸು ಅಂದರೆ 'ಯಾರಿಗೆ' ಅನ್ನುವ ಪ್ರಶ್ನೆಗೆ ಉತ್ತರ ಇರಲೇಬೇಕು. ಜಮೀನನ್ನು ಮೂಲ ಮಂಜೂರುದಾರರಿಗೆ ಮರಳಿಸುತ್ತಾರೆ. ಆ 'ಗೆ' ಇಲ್ಲದೆ ಅದು ಕುಂಟುತ್ತದೆ. ದುರಸ್ತಿ ಪಾರಸಿ ಕಡೆಯಿಂದ ಬಂದದ್ದು, ಮೂಲದಲ್ಲಿ ಸರಿ, ನೆಟ್ಟಗೆ ಅಂತ ಅರ್ಥ. ರಸ್ತೆಗೆ, ಪಂಪಿಗೆ ಚೆನ್ನಾಗಿದೆ. ಕಂದಾಯ ಇಲಾಖೆಯಲ್ಲಿ ಪೋಡಿ ದುರಸ್ತಿ ಅನ್ನುತ್ತಾರೆ, ಅಲ್ಲಿ ಯಾವ ಕಲ್ಲು ಮಣ್ಣೂ ರಿಪೇರಿ ಆಗುವುದಿಲ್ಲ, ದಾಖಲೆ ಮತ್ತು ನಕ್ಷೆ ಸರಿಯಾಗುತ್ತವೆ. ನವೀಕರಣ ಅಂದರೆ ಹೊಸದು ಮಾಡುವುದು. ಲೈಸೆನ್ಸಿಗೆ ಸರಿ. ಹಳೆಯ ಕಲ್ಯಾಣಿಯನ್ನು ನವೀಕರಿಸಿದೆವು ಅಂದರೆ, ಕಲ್ಲಿನ ಮೇಲೆ ಟೈಲ್ಸ್ ಹಾಕಿ ಸ್ಟೀಲ್ ಕಂಬಿ ನಿಲ್ಲಿಸಿದಿರಾ ಅಂತ ಕೇಳಬೇಕಾಗುತ್ತದೆ. ನಿಮ್ಮ ಫಲಕಕ್ಕೆ ಅದು ಬೇಡವೇ ಬೇಡ.

ಕಾಗುಣಿತಕ್ಕೆ ಬರೋಣ, ಕಲ್ಲಿನಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಜೀರ್ಣೋದ್ಧಾರದಲ್ಲಿ ಜನ ಎಡವುವ ಜಾಗ 'ದ್ಧಾ'. ಮೇಲೆ ಅಲ್ಪಪ್ರಾಣ ದ, ಕೆಳಗೆ ಒತ್ತಾಗಿ ಮಹಾಪ್ರಾಣ ಧ. 'ಜೀರ್ಣೋದ್ದಾರ' ಅಂದರೆ ಉಸಿರು ಕಮ್ಮಿ. 'ಜೀರ್ಣೋಧ್ಧಾರ' ಅಂದರೆ ಉಸಿರು ಜಾಸ್ತಿ. ಎರಡು ಮಹಾಪ್ರಾಣ ಹೀಗೆ ಒಂದರ ಮೇಲೊಂದು ಕೂರುವುದಿಲ್ಲ. ಬುದ್ಧಿ, ಶುದ್ಧ, ಯುದ್ಧ, ಸಿದ್ಧ, ಎಲ್ಲ ಹೀಗೇ. ನೆನಪಿಗೆ ಒಂದು ದಾರಿ ಇದೆ. ಈ ಪದದಲ್ಲಿ ಉತ್ ಮತ್ತು ಹಾರ ಸೇರಿವೆ. ತ್ ಹೋಗಿ ದ್ ಆಯಿತು, ಹ ತನ್ನ ಉಸಿರನ್ನು ಕೊಟ್ಟು ಧ ಆಯಿತು. ತತ್ ಮತ್ತು ಹಿತ ಸೇರಿ ತದ್ಧಿತ ಆದ ಹಾಗೆ. ಇನ್ನು 'ರ್ಣೋ' ದೀರ್ಘ, ಹ್ರಸ್ವ ಅಲ್ಲ. ಒಂದು ಊರಿನಲ್ಲಿ ನಾನು ನೋಡಿದ ಗ್ರಾನೈಟ್ ಫಲಕದಲ್ಲಿ ಅರ್ಕಾವೊತ್ತೇ ಬಿಟ್ಟುಹೋಗಿ 'ಜೀಣೋದ್ದಾರ' ಆಗಿತ್ತು. ಯಾರೋ ಪುಣ್ಯಾತ್ಮರು ಬಿಳಿ ಪೇಂಟಿನಲ್ಲಿ ಅರ್ಕಾವೊತ್ತು ಬರೆದಿದ್ದರು. ಮಹಾಪ್ರಾಣದವರೆಗೆ ಅವರ ಪೇಂಟು ಮುಟ್ಟಿರಲಿಲ್ಲ.

ಪುನಶ್ಚೇತನವನ್ನೇ ಆರಿಸಿದರೆ ಅಲ್ಲಿ 'ಪುನಃಶ್ಚೇತನ' ಅಂತ ಬರೆಸಬೇಡಿ. ವಿಸರ್ಗವೇ 'ಶ್' ಆಗಿರುವುದು. ಎರಡನ್ನೂ ಇಟ್ಟರೆ ಒಂದೇ ಮನುಷ್ಯನನ್ನು ಎರಡು ಸಲ ಎಣಿಸಿದ ಹಾಗೆ. 'ಮತ್ತೆ ಪುನಶ್ಚೇತನ', 'ಪುನಃ ಮರುಸ್ಥಾಪನೆ' ಕೂಡ ಬೇಡ. ಅದೇ 'ಮತ್ತೆ ಜೀರ್ಣೋದ್ಧಾರ' ಅಂದರೆ ತಪ್ಪಿಲ್ಲ. ಎರಡನೇ ಸಲ ಮಾಡಿದಾಗ ಹಾಗೇ ಹೇಳಬೇಕು, ಯಾಕೆಂದರೆ ಮೊದಲೇ ಹೇಳಿದ ಹಾಗೆ ಅದರಲ್ಲಿ 'ಮತ್ತೆ' ಇಲ್ಲ.

ಐದು ಜನರಲ್ಲಿ ಯಾರೂ ಎತ್ತದ ಒಂದು ಮಾತು ಉಳಿದಿದೆ. ನನ್ನ ಪ್ರಕಾರ ಅದೇ ದೊಡ್ಡದು. ನೀವು 'ಮಾಡಲಾಯಿತು' ಅಂತ ಬರೆದಿದ್ದೀರಿ. ಯಾರು ಮಾಡಿದ್ದು? ಆ ಲಾಯಿತು ಅನ್ನುವ ಬಾಲ ಕಚೇರಿಯ ಕಡತಗಳಿಂದ ನಮಗೆ ಅಂಟಿದ್ದು. ಮಾಡಿದವರನ್ನು ಮುಚ್ಚಿಡುವುದೇ ಅದರ ಗುಣ. ಹಳೆಯ ಶಾಸನಗಳು ಹಾಗಲ್ಲ. ಮಾಡಿಸಿದ, ಕಟ್ಟಿಸಿದ, ಬಿಟ್ಟ ಅಂತ ಕರ್ತೃವಿನ ಹೆಸರು ಸಮೇತ ಹೇಳುತ್ತವೆ. ಅಲ್ಲೂ ಮಾಡಿಸಿದ ಅನ್ನುವುದನ್ನು ಗಮನಿಸಿ. ಹಣ ಕೊಟ್ಟವನು ಮಾಡಿಸುತ್ತಾನೆ. ಕಲ್ಲು ಹೊತ್ತವನು ಮಾಡುತ್ತಾನೆ. ಶಾಸನಗಳಲ್ಲಿ ಮಾಡಿಸಿದವರೇ ತುಂಬಿದ್ದಾರೆ, ಮಾಡಿದವರು ಕಮ್ಮಿ. ನೀವು ಬುಟ್ಟಿ ಹಿಡಿದು ಇಳಿದವರು. 'ಜೀರ್ಣೋದ್ಧಾರ ಮಾಡಿದರು' ಅಂತ ಬರೆಯುವ ಹಕ್ಕು ನಿಮಗಿದೆ. ನಾಲ್ಕನೇ ಬದಿಯ ಹೊಸ ಕಲ್ಲಿಗೆ ಯಾರಾದರೂ ದುಡ್ಡು ಕೊಟ್ಟಿದ್ದರೆ, ಅವರಿಗೆ 'ಮಾಡಿಸಿದರು' ಅಂತ ಪ್ರತ್ಯೇಕ ಸಾಲು ಕೊಡಿ. ಊರಲ್ಲಿ ಮುಂದೆ ಮನಸ್ತಾಪ ಆಗುವುದು ಇಂಥ ಒಂದು 'ಸಿ' ಅಕ್ಷರದಿಂದಲೇ.

ಈಗ ನಿಮ್ಮ ಮುಂದೆ ಇರುವ ದಾರಿ ಎರಡು ಅಂತ ನನಗೆ ಕಾಣುತ್ತದೆ. ಚಿಕ್ಕ ಕಲ್ಲಾದರೆ ಜೀರ್ಣೋದ್ಧಾರ ಸಾಕು. 'ಊರಿನವರು ಸೇರಿ ಈ ಕಲ್ಯಾಣಿಯ ಜೀರ್ಣೋದ್ಧಾರ ಮಾಡಿದರು', ಕೆಳಗೆ ಇಸವಿ. ಕಾಗುಣಿತ ಒಂದನ್ನು ಕಾಯಬೇಕು. ದೇವಸ್ಥಾನದ ವಾಸನೆ ಬರುತ್ತದೆ ಅನ್ನುವವರು ಒಂದಿಬ್ಬರು ಇರುತ್ತಾರೆ, ಅವರಿಗೆ ಮೇಲಿನ ಪೂರ್ತದ ಕಥೆ ಹೇಳಿ. ಸ್ವಲ್ಪ ದೊಡ್ಡ ಕಲ್ಲಾದರೆ ಮಗಳ ಮಾತು ಕೇಳಿ. ಅಕ್ಷರ ಜಾಸ್ತಿ ಆಗುತ್ತದೆ, ಕೆತ್ತುವವರು ಗೊಣಗಬಹುದು. ಆದರೆ ನೂರು ವರ್ಷದ ನಂತರ ಓದುವವರಿಗೆ ನಿಜವಾಗಿ ಏನು ನಡೆಯಿತು ಅಂತ ತಿಳಿಯುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

'ಹೂಳು ತುಂಬಿದ್ದ ಈ ಕಲ್ಯಾಣಿಯನ್ನು ಊರಿನವರು ಹದಿನಾಲ್ಕು ಭಾನುವಾರ ದುಡಿದು ಹೂಳೆತ್ತಿದರು. ಮೂರು ಬದಿಯ ಮೆಟ್ಟಿಲಿಗೆ ಹಳೆಯ ಕಲ್ಲುಗಳನ್ನೇ ಕೂರಿಸಿದರು. ನಾಲ್ಕನೆಯ ಬದಿಯ ಕಲ್ಲು ಹೊಸತು.'

ಕೊನೆಯ ವಾಕ್ಯ ಬೇಡ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಡಬೇಡಿ.

ಕೆತ್ತುವ ಮೊದಲು ಅಕ್ಷರಗಳನ್ನು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ. ಬರೆದವರೂ ನೀವೂ ಅಲ್ಲದ ಮೂರನೆಯವರಿಂದ ಓದಿಸಿ. ಪದ ಪದವಾಗಿ ಓದಿದರೆ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಕೊನೆಯಿಂದ ಮೊದಲಿನ ಕಡೆಗೆ, ಒಂದೊಂದೇ ಅಕ್ಷರ, ಒತ್ತಕ್ಷರ ಬೆರಳಿಟ್ಟು ಓದಿಸಿ. ಈ ಕೆಲಸಕ್ಕೆ ನಿಮ್ಮ ಮೇಷ್ಟ್ರಿಗಿಂತ ಒಳ್ಳೆಯವರು ಸಿಗಲಿಕ್ಕಿಲ್ಲ.